ರಂಗಪಂಚಮಿಗೆ ಮುತ್ತುಗದ ಹೂವಿನ ಬಣ್ಣ

ಧಾರವಾಡ, ವಿಜಯಪುರಗಳ ಕಡೆಯಿಂದ ಬಂದು ಪುಣೆಯಲ್ಲಿ ನೆಲೆಸಿದ ಕನ್ನಡಿಗರಿಗೆ ಮುತ್ತುಗ ಹೊಸ ಮರವೇನಲ್ಲ. ಇದರ ಎಲೆಗಳಿಂದ ಹಚ್ಚಿದ ಪತ್ರಾವಳಿಯಲ್ಲಿ ಉಂಡವರು, ಹೋಮಕ್ಕೆ ಇದರ ಸಮಿಧೆ ತಂದವರು ನಮ್ಮಲ್ಲಿ ಅನೇಕರಿದ್ದಾರೆ. ಇಲ್ಲಿ ‘ಪಳಸ’ ಎಂದು ಕರೆಯಲ್ಪಡುವ ಈ ಮರ ಒಣ ಎಲೆಯುದುರುವ ಕಾಡಿನದು. ಗುಡ್ಡಗಳ ಇಳಿಜಾರಿನಲ್ಲೂ ಜೌಗು ಹಿಡಿದ ಎರೆಭೂಮಿಯಲ್ಲೂ ಬಾಳುತ್ತದೆ. ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಎಲೆಯೆಲ್ಲ ಉದುರಿದ ಕೊಂಬೆಗಳ ಮೇಲೆ ಹೂವು ತುಂಬುವುದರಿಂದ ದೂರದಿಂದಲೇ ಕಣ್ಣಿಗೆ ಬೀಳುತ್ತದೆ.

ಅದೇ ಕಾಲಕ್ಕೆ ಬೂರುಗ, ಹಾಲುವಾಣಗಳೂ ಕೆಂಪಾಗಿ ಅರಳುವುದರಿಂದ ಹೂವನ್ನು ಕೈಯಲ್ಲಿ ಹಿಡಿದು ಗುರುತಿಸಬೇಕು. ಮುತ್ತುಗದ ತೊಟ್ಟಿನ ಬಳಿಯ ಪುಷ್ಪಪಾತ್ರೆ ಮಖಮಲ್ಲಿನಂತೆ ಮೃದುವಾಗಿ, ಕಪ್ಪು ಮಿಶ್ರಿತ ಕಂದು ಬಣ್ಣದ್ದಾಗಿರುತ್ತದೆ. ಕೇಸರಿ ದಳಗಳಲ್ಲಿ ಒಂದು ಗಿಣಿಯ ಕೊಕ್ಕಿನ ಹಾಗೆ ಬಾಗಿರುತ್ತದೆ. ಉಳಿದೆರಡು ಮರಗಳಲ್ಲಿ ಕಾಣುವ ಮುಳ್ಳು ಇದಕ್ಕಿಲ್ಲ.

ಬೆಳಿಗ್ಗೆ ಮರದಡಿ ಉದುರಿದ ಹೂವನ್ನಷ್ಟೇ ಆರಿಸಿಕೊಳ್ಳಿ. ಕೊಂಬೆಯ ಮೇಲಿನ ಹೂವು ಮಕರಂದಕ್ಕೆ ಬರುವ ಹಕ್ಕಿಗಳದು, ಮುಂದೆ ಕಾಯಿಯಾಗಬೇಕಾದದ್ದು. ಅದಕ್ಕೆ ಕೈ ಹಾಕುವುದು ನನ್ನ ದೃಷ್ಟಿಯಲ್ಲಿ ಸರಿಯಲ್ಲ. ಬಣ್ಣಕ್ಕೆ ನೆಲದ ಹೂವೇ ಸಾಕು. ಪುಷ್ಪಪಾತ್ರೆ ಕಿತ್ತು, ದಳಗಳನ್ನು ಬಿಳಿ ಪಂಚೆಯ ಮೇಲೆ ತೆಳುವಾಗಿ ಹರವಿ, ಗರಿಗರಿಯಾಗುವವರೆಗೆ ನೆರಳಿನಲ್ಲಿ ಒಣಗಿಸಿ. ಹಸಿ ಉಳಿದರೆ ಡಬ್ಬಿಯಲ್ಲಿ ಬೂಷ್ಟು ಹಿಡಿಯುತ್ತದೆ.

ಪುಣೆಯಲ್ಲಿ ಬಣ್ಣದಾಟ ಹೋಳಿಯ ಐದನೆಯ ದಿನ, ರಂಗಪಂಚಮಿಗೆ ಇರುವುದರಿಂದ ಹೂವು ಒಣಗಿಸಲು ಸಾಕಷ್ಟು ಸಮಯ ಸಿಗುತ್ತದೆ. ಹಿಂದಿನ ದಿನ ಬೆಳಿಗ್ಗೆ ಎರಡು ಹಿಡಿ ಒಣ ದಳಗಳನ್ನು ಎರಡು ಲೀಟರ್ ನೀರಿನಲ್ಲಿ ನೆನೆಹಾಕಿ, ರಾತ್ರಿ ಸಣ್ಣ ಉರಿಯಲ್ಲಿ ಅರ್ಧ ಗಂಟೆ ಕುದಿಸಿ, ಪೂರ್ತಿ ಆರಿದ ಮೇಲೆ ತೆಳುಬಟ್ಟೆಯಲ್ಲಿ ಸೋಸಿರಿ. ಹಳದಿ ಮಿಶ್ರಿತ ಕೇಸರಿಯ ಓಕುಳಿ ನೀರು ಸಿದ್ಧವಾಗುತ್ತದೆ. ಚಿಟಿಕೆ ಸುಣ್ಣ ಬೆರೆಸಿದರೆ ಬಣ್ಣ ಕಡುಗೇಸರಿಗೆ ತಿರುಗುವುದು ನಿಜ. ಆದರೆ ಸುಣ್ಣ ಕಣ್ಣಿಗೂ ಚರ್ಮಕ್ಕೂ ಉರಿ ತರುವುದರಿಂದ ಮಕ್ಕಳು ಆಡುವ ನೀರಿಗೆ ಅದನ್ನು ಹಾಕಲೇಬಾರದು. ಈ ನೀರು ಬೇಗ ಹುಳಿಯುತ್ತದೆ, ಆದ್ದರಿಂದ ಮರುದಿನವೇ ಬಳಸಿ ಮುಗಿಸಿರಿ.

ಬಟ್ಟೆಗೆ ಬಣ್ಣ ಹಾಕುವುದಾದರೆ ಹತ್ತಿಯ ಬಟ್ಟೆಯನ್ನು ಮೊದಲು ಪಟಕದ ನೀರಿನಲ್ಲಿ ನೆನೆಸಿ, ನಂತರ ಈ ಕಷಾಯದಲ್ಲಿ ಕಾಯಿಸಿರಿ. ಪಟಕ ಬಣ್ಣವನ್ನು ನೂಲಿಗೆ ಹಿಡಿದಿಡುತ್ತದೆ. ಹಾಗಿದ್ದರೂ ಒಗೆದ ಬಟ್ಟೆಯನ್ನು ನೆರಳಿನಲ್ಲಿಯೇ ಒಣಗಿಸಬೇಕು, ಏಕೆಂದರೆ ಈ ಹಳದಿ ಬಿಸಿಲಿಗೆ ಮಾಸುತ್ತದೆ.