ಉಬುಂಟುವಿನಲ್ಲಿ ಪ್ಯಾಕೇಜ್ ಆವೃತ್ತಿಗಳು ತಾಳೆಯಾಗದಿದ್ದರೆ

ಉಬುಂಟು 22.04ರಲ್ಲಿ ಲಿಬ್‌ಎಸ್‌ಎಸ್‌ಎಲ್-ಡೆವ್ ಹಾಕಲು ಹೋದರೆ ಪ್ಯಾಕೇಜು ಹಾಕುವ ಉಪಕರಣ ಆಪ್ಟ್ ಕೆಲವೊಮ್ಮೆ ತಕರಾರು ತೆಗೆಯುತ್ತದೆ: ಅದಕ್ಕೆ ಬೇಕಿರುವ ಲೈಬ್ರರಿ ಲಿಬ್‌ಎಸ್‌ಎಸ್‌ಎಲ್3 ಒಂದು ಆವೃತ್ತಿ, ಸಿಸ್ಟಂನಲ್ಲಿರುವುದು ಇನ್ನೊಂದು. ಡೆವ್ ಪ್ಯಾಕೇಜುಗಳು (ಲೈಬ್ರರಿ ಬಳಸಿ ಪ್ರೋಗ್ರಾಂ ಕಟ್ಟಲು ಬೇಕಾದವು) ಸಾಮಾನ್ಯವಾಗಿ ತಮ್ಮ ಲೈಬ್ರರಿಯ ಒಂದೇ ಒಂದು ಆವೃತ್ತಿಗೆ ಗಂಟು ಹಾಕಿಕೊಂಡಿರುತ್ತವೆ; ಕೊನೆಯ ಅಂಕಿ ಬೇರೆಯಾದರೂ ಒಪ್ಪುವುದಿಲ್ಲ. 64 ಬಿಟ್ ಲೈಬ್ರರಿಯ ಜೊತೆಗೇ ಅದರ 32 ಬಿಟ್ ರೂಪ ಹಾಕುವಾಗಲೂ ಇದೇ ಕಥೆ.

ಮೊದಲು 'ಸುಡೊ ಆಪ್ಟ್ ಅಪ್‌ಡೇಟ್' ಕೊಡಿ. ಎಷ್ಟೋ ಸಲ ಪಟ್ಟಿ ಹಳತಾಗಿರುವುದೇ ಕಾರಣ. ಆಮೇಲೆ 'ಆಪ್ಟ್ ಪಾಲಿಸಿ ಲಿಬ್‌ಎಸ್‌ಎಸ್‌ಎಲ್3'. ಉತ್ತರದಲ್ಲಿ ಮೂರು ನಕ್ಷತ್ರ ಇರುವ ಸಾಲೇ ಈಗ ಕೂತಿರುವ ಆವೃತ್ತಿ. ಅದರ ಕೆಳಗೆ 100 ಎಂಬ ಆದ್ಯತೆಯ ಅಂಕಿಯೊಡನೆ ಡಿಪಿಕೆಜಿ (ಆಪ್ಟ್ ಅಡಿಯಲ್ಲಿ ಪ್ಯಾಕೇಜು ಕೂರಿಸುವ ಉಪಕರಣ) ಸ್ಟೇಟಸ್ ಫೈಲಿನ ಹೆಸರು ಮಾತ್ರ ಇದ್ದು, 500ರ ಸಾಲು ಇಲ್ಲದಿದ್ದರೆ, ಆ ಆವೃತ್ತಿ ಈಗ ಯಾವ ರೆಪೊದಲ್ಲೂ (ಪ್ಯಾಕೇಜು ಭಂಡಾರದಲ್ಲೂ) ಸಿಗುತ್ತಿಲ್ಲ ಎಂದರ್ಥ. ರೋಗ ಹಿಡಿಯುವ ಜಾಗ ಇದೇ.

ಬಂದ ದಾರಿ ಮುಚ್ಚಿರುವುದು ಎರಡು ಬಗೆ. ಜಾಮ್ಮಿ-ಅಪ್‌ಡೇಟ್ಸ್, ಜಾಮ್ಮಿ-ಸೆಕ್ಯುರಿಟಿ (ಜಾಮ್ಮಿ ಎಂದರೆ 22.04ರ ಅಡ್ಡಹೆಸರು) ಸಾಲುಗಳನ್ನು ಯಾರೋ ಹ್ಯಾಶ್ ಚಿಹ್ನೆ ಹಾಕಿ ನಿಲ್ಲಿಸಿರಬಹುದು. ಸೋರ್ಸಸ್ ಲಿಸ್ಟ್ ಫೈಲಿನಲ್ಲಿ ಆ ಚಿಹ್ನೆ ತೆಗೆದು ಮತ್ತೆ ಅಪ್‌ಡೇಟ್ ಮಾಡಿದರೆ ಮುಗಿಯಿತು. 24.04ರಲ್ಲಿ ಇದಕ್ಕೆ ಉಬುಂಟು ಡಾಟ್ ಸೋರ್ಸಸ್ ಫೈಲಿನ 'ಸೂಟ್ಸ್' ಸಾಲು ನೋಡಬೇಕು.

ಇಲ್ಲವೇ ಆ ಆವೃತ್ತಿ ಯಾವುದೋ ಪಿಪಿಎಯಿಂದ (ಹೊರಗಿನವರು ನಡೆಸುವ ರೆಪೊದಿಂದ) ಬಂದಿರುತ್ತದೆ. ಪಿಪಿಎ ತೆಗೆದರೂ ಅದು ಕೊಟ್ಟ ಪ್ಯಾಕೇಜು ಹಾಗೇ ಉಳಿಯುತ್ತದೆ. ತೆಗೆಯುವ ಮೊದಲೇ 'ಪಿಪಿಎ-ಪರ್ಜ್' ಬಳಸಿದ್ದರೆ ಅದು ತಾನಾಗಿ ಹಳೆಯ ಆವೃತ್ತಿಗೆ ಇಳಿಸುತ್ತಿತ್ತು. ಈಗ ಕೈಯಾರೆ ಇಳಿಸಬೇಕು: 'ಸುಡೊ ಆಪ್ಟ್ ಇನ್‌ಸ್ಟಾಲ್' ಮುಂದೆ ಲೈಬ್ರರಿ, ಡೆವ್ ಎರಡನ್ನೂ ಬರೆದು, ಪ್ರತಿಯೊಂದಕ್ಕೂ ಸಮ ಚಿಹ್ನೆ ಹಚ್ಚಿ, ಪಾಲಿಸಿ ಪಟ್ಟಿಯಲ್ಲಿ 500 ಇರುವ ಆವೃತ್ತಿಯನ್ನು ಪೂರ್ತಿ ನಮೂದಿಸಿ. ಒಂದೊಂದಾಗಿ ಇಳಿಸಲು ಹೋದರೆ ಮತ್ತೆ ಅದೇ ಜಗಳ. ಮೊದಲು ಮೈನಸ್ ಎಸ್ ಸೇರಿಸಿ ಓಡಿಸಿ, ಏನೂ ಬದಲಾಗದೆ ಬರೀ ಲೆಕ್ಕ ಕಾಣುತ್ತದೆ. ತೆಗೆದುಹಾಕುವ ಪಟ್ಟಿಯಲ್ಲಿ ಉಬುಂಟು-ಡೆಸ್ಕ್‌ಟಾಪ್ ಕಂಡರೆ ಅಲ್ಲಿಗೇ ನಿಲ್ಲಿಸಿ.

'ಆಪ್ಟ್-ಮಾರ್ಕ್ ಶೋಹೋಲ್ಡ್' (ಆವೃತ್ತಿ ಬದಲಾಗದಂತೆ ತಡೆಹಿಡಿದ ಪ್ಯಾಕೇಜುಗಳ ಪಟ್ಟಿ) ಏನಾದರೂ ತೋರಿಸಿದರೆ 'ಅನ್‌ಹೋಲ್ಡ್' ಮಾಡಿ. ಅಪ್‌ಗ್ರೇಡ್ ವೇಳೆ 'ಕೆಪ್ಟ್ ಬ್ಯಾಕ್' ಎಂದಷ್ಟೇ ಬಂದು, ಪಾಲಿಸಿಯಲ್ಲಿ 'ಫೇಸ್ಡ್' ಶೇಕಡಾವಾರು ಕಂಡರೆ ಅದು ದೋಷವಲ್ಲ: 21.04ರಿಂದ ಆಪ್ಟ್ ಕೆಲವು ಅಪ್‌ಡೇಟ್‌ಗಳನ್ನು ಕಂತಿನಲ್ಲಿ ಕೊಡುತ್ತದೆ. ಕೆಲವು ದಿನ ಕಾಯಿರಿ.

ಡಿಪಿಕೆಜಿಗೆ 'ಫೋರ್ಸ್' ಕೊಟ್ಟು ತುರುಕಬೇಡಿ. ಆಮೇಲೆ ಆಪ್ಟ್ ಬೇರೆ ಯಾವುದನ್ನೂ ಹಾಕಲು ಬಿಡುವುದಿಲ್ಲ; 'ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್' ಓಡಿಸಿದರೆ ಹೆಚ್ಚಾಗಿ ನೀವು ತುರುಕಿದ್ದನ್ನೇ ಕಿತ್ತುಹಾಕುತ್ತದೆ.