ಹತ್ತು ಕಿಲೋ ಇಳಿಸುವುದನ್ನು ಬಿಟ್ಟ ಮೇಲೆ ಗೆದ್ದೆ: ನನ್ನ ಅನುಭವ

ಕಳೆದ ತಿಂಗಳು ಎಂಎಂಎಯ (ಕುಸ್ತಿ, ಗುದ್ದು, ಒದೆ ಎಲ್ಲ ಕೂಡಿದ, ತಂತಿಯ ಕೇಜಿನೊಳಗಿನ ಕಾಳಗದ) 65.8 ಕಿಲೋ ವಿಭಾಗದಲ್ಲಿ ನನಗೆ ಐದನೆಯ ಗೆಲುವು ಬಂತು. ಮೂರು ವರ್ಷಗಳ ಹಿಂದೆ "ಮೇಲಿನ ತೂಕಕ್ಕೆ ಹೋದರೆ ನಿನ್ನನ್ನು ಅರೆದು ಹಾಕುತ್ತಾರೆ" ಎಂದಿದ್ದ ಮೂವರಲ್ಲಿ ಇಬ್ಬರು ಅಂದು ರಾತ್ರಿಯೇ ಫೋನ್ ಮಾಡಿ, ತೂಕದ ವಾರವನ್ನು, ಅಂದರೆ ಪಂದ್ಯಕ್ಕೆ ಮುಂಚೆ ತೂಕ ಕೊಡಬೇಕಾದ ವಾರವನ್ನು, ನಾನು ಹೇಗೆ ಕಳೆಯುತ್ತೇನೆಂದು ವಿಚಾರಿಸಿದರು. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೇಳುವುದಕ್ಕಿಂತ ಒಮ್ಮೆ ಬರೆದಿಡುವುದೇ ಲೇಸೆನಿಸಿತು. ಕೇಜು, ರೌಂಡು, ನಾಲ್ಕು ಔನ್ಸಿನ ಗ್ಲೌಸು ಇವನ್ನೆಲ್ಲ ಹೆಚ್ಚು ವಿವರಿಸುವುದಿಲ್ಲ. ಓದುವವರಲ್ಲಿ ಹೆಚ್ಚಿನವರು ಈ ವೃತ್ತಿಯವರೇ ಎಂದುಕೊಂಡು ಬರೆಯುತ್ತಿದ್ದೇನೆ. ಅಂಕಿಗಳು ನೆನಪಿನಿಂದ ತೆಗೆದವು. ಅರ್ಧ ಕಿಲೋ, ಒಂದೆರಡು ಸಾವಿರ ರೂಪಾಯಿ ಆಚೀಚೆ ಇರಬಹುದು.

ನಾನು ಮೈಸೂರಿನ ಗರಡಿಯಲ್ಲಿ ಬೆಳೆದವನು. ನಾಡಕುಸ್ತಿಗೆ ಜೋಡಿ ಕಟ್ಟುವ ದಿನ ನಮ್ಮಲ್ಲಿ ಹಿರಿಯರು ಇಬ್ಬರು ಪೈಲ್ವಾನರನ್ನು ಎದುರುಬದುರು ನಿಲ್ಲಿಸಿ, ಎತ್ತರ, ಭುಜ, ತೊಡೆ, ಹಿಂದೆ ಹಿಡಿದ ಕುಸ್ತಿಗಳು ಎಲ್ಲವನ್ನೂ ಕಣ್ಣಿನಲ್ಲೇ ತೂಗಿ, ಇಬ್ಬರೂ ಒಪ್ಪಿದರೆ ಕೈ ಕೂಡಿಸುತ್ತಾರೆ. ಹೊಟ್ಟೆ ಕಟ್ಟಿ ಚಿಕ್ಕವನಾಗಿ ಬಂದು ತನಗಿಂತ ಚಿಕ್ಕವನನ್ನು ಹಿಡಿಯುವ ಯೋಚನೆಯೇ ಅಲ್ಲಿ ಹುಟ್ಟುವುದಿಲ್ಲ. ದಸರೆಯಲ್ಲಿ ನಾನು 70 ಕಿಲೋ ಇದ್ದಾಗ ನನಗಿಂತ ಆರೇಳು ಕಿಲೋ ಭಾರವಿದ್ದವನ ಜೊತೆ ಸಮಬಲ ಮಾಡಿಕೊಂಡು ಬಂದದ್ದುಂಟು. ಈ ಮಾತನ್ನು ಇಲ್ಲೇ ಹೇಳಿಬಿಡುವುದಕ್ಕೆ ಕಾರಣವಿದೆ: ಉತ್ತರ ನನ್ನ ಗರಡಿಯಲ್ಲೇ ಇತ್ತು, ಅದನ್ನು ಕಾಣುವುದಕ್ಕೆ ನನಗೆ ಆರು ಪಂದ್ಯಗಳೂ ಸುಮಾರು ಒಂದು ಲಕ್ಷ ರೂಪಾಯಿಯೂ ಬೇಕಾದವು.

2017ರ ನವೆಂಬರಿನಲ್ಲಿ ಭರತ್ ಖಂಡಾರೆ ಶಾಂಘೈನಲ್ಲಿ ಎಂಎಂಎಯ ಅತಿ ದೊಡ್ಡ ಸಂಸ್ಥೆಯಾದ ಯುಎಫ್‌ಸಿ ಕೇಜಿಗೆ ಇಳಿದಾಗ ನಾನು ಬೆಂಗಳೂರಿನ ಜಿಮ್ಮೊಂದಕ್ಕೆ ಸೇರಿ ಕೆಲವೇ ತಿಂಗಳಾಗಿತ್ತು. ಕುಸ್ತಿಯಿಂದ ಬಂದ ಭಾರತೀಯನೊಬ್ಬ ಅಲ್ಲಿಯವರೆಗೆ ಹೋಗಬಲ್ಲನೆಂದು ಅಂದು ನಂಬಿಕೆ ಹುಟ್ಟಿತು. ನನ್ನ ನಡೆದಾಡುವ ತೂಕ (ಪಂದ್ಯವಿಲ್ಲದ ದಿನಗಳ ಸಹಜ ತೂಕ) 71. ಎಲ್ಲರೂ ಹೇಳಿದ್ದು ಒಂದೇ: ತೂಕ ಕೊಡುವ ಹೊತ್ತಿಗೆ 61.2ಕ್ಕೆ ಇಳಿ, ಆಮೇಲೆ ತಿಂದು ಕುಡಿದು ಏರಿಸಿಕೋ, ಅಲ್ಲಿ ನಿನ್ನ ಕುಸ್ತಿಯ ಮುಂದೆ ಯಾರೂ ನಿಲ್ಲುವುದಿಲ್ಲ. ಮೊದಲ ಪಂದ್ಯದಲ್ಲಿ ಹಾಗೆಯೇ ಆಯಿತು. ಎದುರಾಳಿಯನ್ನು ಒಂದೂವರೆ ನಿಮಿಷದೊಳಗೆ ಎತ್ತಿ ಕೆಡವಿ ಮೇಲೆ ಕೂತು ಮುಗಿಸಿದೆ, ಕೈಗೆ 15,000 ಬಂತು. ಆ ಗೆಲುವೇ ನನ್ನನ್ನು ಮೂರು ವರ್ಷ ದಾರಿ ತಪ್ಪಿಸಿತು.

ಎರಡನೆಯ ಪಂದ್ಯದಲ್ಲಿ ಕುತ್ತಿಗೆ ಕೊಟ್ಟು ಸೋತೆ. ಗರಡಿಯವರಿಗೆ ಈ ರೋಗ ಗೊತ್ತಿರುತ್ತದೆ. ಮಟ್ಟಿಯಲ್ಲಿ (ಗರಡಿಯ ಮಣ್ಣಿನ ಅಂಕಣದಲ್ಲಿ) ಬೆನ್ನು ನೆಲಕ್ಕೆ ತಾಗಿದರೆ ಚಿತ್, ಕುಸ್ತಿ ಮುಗಿಯಿತು. ಆದ್ದರಿಂದ ಬೀಳುವಾಗ ದೇಹ ತಾನಾಗಿಯೇ ಹೊಟ್ಟೆಯ ಮೇಲೆ ಹೊರಳುತ್ತದೆ. ಕೇಜಿನಲ್ಲಿ ಹಾಗೆ ಹೊರಳುವುದೆಂದರೆ ಎದುರಾಳಿಗೆ ಬೆನ್ನನ್ನು ಕೈಯಾರೆ ಒಪ್ಪಿಸಿದಂತೆ. ಅವನು ಎರಡೂ ಕಾಲು ಒಳಗೆ ಹಾಕಿ, ಕುತ್ತಿಗೆ ಅಮುಕುವ ಚೋಕ್ ಹಿಡಿದ. ಇದನ್ನು ತಿದ್ದಿಕೊಳ್ಳಬೇಕೆಂದು ಆ ರಾತ್ರಿಯೇ ನಿಶ್ಚಯಿಸಿದೆ, ಆದರೆ ತಿದ್ದಿಕೊಳ್ಳಲು ಬೇಕಾದ ದಿನಗಳು ನನ್ನ ಬಳಿ ಇರಲಿಲ್ಲ. ಪಂದ್ಯದ ತಯಾರಿಯ ಎಂಟು ವಾರಗಳ ಕ್ಯಾಂಪಿನಲ್ಲಿ ಕೊನೆಯ ಮೂರು ವಾರ ಹಸಿವಿನಲ್ಲೇ ಕಳೆಯುತ್ತಿದ್ದವು, ಹಸಿದ ದೇಹಕ್ಕೆ ಹೊಸ ಪಾಠ ಹತ್ತುವುದಿಲ್ಲ. ಈ ಸಂಬಂಧ ನನಗೆ ಆಗ ಹೊಳೆಯಲಿಲ್ಲ.

ಮೂರನೆಯದನ್ನು ನಿರ್ಣಾಯಕರ ಅಂಕಗಳ ಮೇಲೆ ಕಷ್ಟಪಟ್ಟು ಗೆದ್ದೆ. ನಾಲ್ಕನೆಯದಕ್ಕೆ ತೂಕ ಕೊಡುವ ಹಿಂದಿನ ರಾತ್ರಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಜನವರಿ ತಿಂಗಳು, ದೆಹಲಿಯ ಒಂದು ಹೋಟೆಲ್. ಟಬ್ ಇಲ್ಲದ ಬಚ್ಚಲು. ಬಿಸಿನೀರಿನ ನಲ್ಲಿಯನ್ನು ಪೂರ್ತಿ ಬಿಟ್ಟು, ಬಾಗಿಲ ಸಂದಿಗೆ ಟವೆಲ್ ತುರುಕಿ, ಬೆವರಿಳಿಸುವ ಸೌನಾ ಸೂಟಿನ ಮೇಲೆ ಎರಡು ಜರ್ಕಿನ್ ಹಾಕಿ ನನ್ನನ್ನು ಮಗುಚಿಟ್ಟ ಬಕೆಟ್ಟಿನ ಮೇಲೆ ಕೂರಿಸಿದ್ದರು. ಹತ್ತು ನಿಮಿಷಕ್ಕೊಮ್ಮೆ ಹೊರಗೆ ಕರೆದು ಸೂಟು ಬಿಚ್ಚಿ, ಕೋಚ್ ಎಟಿಎಂ ಕಾರ್ಡಿನ ಅಂಚಿನಿಂದ ಬೆನ್ನಿನ ಬೆವರನ್ನು ಗೀರಿ ತೆಗೆಯುತ್ತಿದ್ದರು. ಚರ್ಮದ ಮೇಲೆ ಹಳೆಯ ಬೆವರು ಕೂತರೆ ಹೊಸದು ಬರುವುದು ನಿಧಾನ. ರಾತ್ರಿ ಮೂರಕ್ಕೆ ತಕ್ಕಡಿ 62.6 ತೋರಿಸಿತು, ಅಲ್ಲಿಗೆ ಬೆವರು ನಿಂತುಹೋಯಿತು. ಕಾರ್ಡು ಒಣ ಚರ್ಮದ ಮೇಲೆ ಸರಿದ ಸದ್ದು ಈಗಲೂ ಕಿವಿಯಲ್ಲಿದೆ. ತಲೆ ಬೋಳಿಸಿಕೊಂಡೆ, ಪೇಪರ್ ಕಪ್ಪಿಗೆ ಉಗುಳುತ್ತ ಕೂತೆ, ಇನ್ನೊಂದು ಸುತ್ತು ಹಬೆಗೆ ಹೋದೆ. ಬೆಳಿಗ್ಗೆ ಟವೆಲ್ ಅಡ್ಡ ಹಿಡಿಸಿಕೊಂಡು ನಿಂತಾಗ 61.6. ಪ್ರಶಸ್ತಿಯ ಪಂದ್ಯವಲ್ಲದ್ದರಿಂದ ಒಂದು ಪೌಂಡ್ (ಸುಮಾರು 0.45 ಕಿಲೋ) ರಿಯಾಯಿತಿ ಇತ್ತು, ಪಾಸಾದೆ. ಆಮೇಲೆ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಎರಡು ಬಾಟಲಿ ಡ್ರಿಪ್ ಹಾಕಿಸಿದರು. ವಾಡಾ (ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ) ನಿಯಮದಲ್ಲಿ 12 ಗಂಟೆಗೆ 100 ಮಿಲಿಲೀಟರಿಗಿಂತ ಹೆಚ್ಚು ಡ್ರಿಪ್ ನಿಷಿದ್ಧವೆಂದು ನನಗೆ ತಿಳಿದದ್ದು ಬಹಳ ದಿನಗಳ ಮೇಲೆ, ತಿಳಿದಿದ್ದರೆ ಒಪ್ಪುತ್ತಿರಲಿಲ್ಲ. ಪಂದ್ಯದಲ್ಲಿ ಮೊದಲ ರೌಂಡ್ ಗೆದ್ದೆ, ಎರಡನೆಯದರಲ್ಲಿ ತೊಡೆಗಳು ಭಾರವಾದವು, ಮೂರನೆಯದರಲ್ಲಿ ಕೈ ಎತ್ತಲಾಗದೆ ನಿಂತಿದ್ದಾಗ ರೆಫ್ರಿ ನಿಲ್ಲಿಸಿದರು.

ಆ ಪಂದ್ಯದ ಲೆಕ್ಕ ಹೀಗಿತ್ತು. ಪರ್ಸ್ (ಪಂದ್ಯಕ್ಕೆ ಕೊಡುವ ಹಣ) 35,000. ಎರಡು ತಿಂಗಳ ಜಿಮ್ ಶುಲ್ಕ 12,000, ಊಟ ಮತ್ತು ಪೌಷ್ಟಿಕ ಪುಡಿಗಳಿಗೆ 16,000, ಎಚ್‌ಐವಿ, ಹೆಪಟೈಟಿಸ್ ರಕ್ತಪರೀಕ್ಷೆಗಳಿಗೆ 3,500, ಕಾರ್ನರಿಗೆ (ಕೇಜಿನ ಬದಿಯಲ್ಲಿ ನಿಂತು ನೆರವಾಗಲು) ಬಂದ ಎರಡನೆಯವರ ಪ್ರಯಾಣಕ್ಕೆ 7,000, ಹೊಸ ಸೌನಾ ಸೂಟಿಗೆ 2,000, ಡ್ರಿಪ್ಪಿಗೆ 1,500. ಒಟ್ಟು 42,000, ಅಂದರೆ ಪೆಟ್ಟು ತಿಂದದ್ದಕ್ಕೆ ನಾನೇ 7,000 ಕೊಟ್ಟಂತಾಯಿತು. ಇದರ ಮೇಲೆ, ಬೆಳಗಿನ ಹೊತ್ತು ಜಿಮ್ಮಿನಲ್ಲಿ ತರಬೇತಿ ಕೊಟ್ಟು ಸಂಪಾದಿಸುತ್ತಿದ್ದದ್ದು ಕೊನೆಯ ಮೂರು ವಾರಗಳಲ್ಲಿ ನಿಂತುಹೋಗುತ್ತಿತ್ತು. ಹಸಿದವನು ಇನ್ನೊಬ್ಬರ ಪೆಟ್ಟಿಗೆ ಪ್ಯಾಡ್ ಹಿಡಿಯಲಾರ. ಅದು ಇನ್ನೂ ಏಳೆಂಟು ಸಾವಿರ. ಐದನೆಯ ಪಂದ್ಯದಲ್ಲಿ ತೂಕ 62.3ಕ್ಕೇ ನಿಂತು, 40,000 ಪರ್ಸಿನಲ್ಲಿ ಶೇಕಡಾ 20 ದಂಡವಾಗಿ ಎದುರಾಳಿಗೆ ಹೋಯಿತು, ಪಂದ್ಯವೂ ಹೋಯಿತು. ಆರನೆಯದರಲ್ಲಿ ಜಿಮ್ಮಿನ ಹುಡುಗರಿಂದ ದಿನವೂ ತಿನ್ನುವಂಥ ಒಂದು ಸಾಧಾರಣ ಎಡಗೈ ಪೆಟ್ಟಿಗೆ ಕಣ್ಣು ಕತ್ತಲಾಗಿ ಬಿದ್ದೆ. ನೀರು ಹಿಂಡಿಸಿಕೊಂಡ ತಲೆ ಒಂದು ದಿನದಲ್ಲಿ ಮೊದಲಿನಂತಾಗುವುದಿಲ್ಲ ಎಂಬುದಕ್ಕೆ ನನಗೆ ಬೇರೆ ಸಾಕ್ಷಿ ಬೇಡ.

ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾಗ ನೆನಪಾದದ್ದು ಚೀನಾದ ಹೋರಾಟಗಾರ ಯಾಂಗ್ ಜಿಯಾನ್ ಬಿಂಗ್. 2015ರ ಡಿಸೆಂಬರಿನಲ್ಲಿ ಮನಿಲಾದಲ್ಲಿ ಏಷ್ಯಾದ ಎಂಎಂಎ ಸಂಸ್ಥೆ ಒನ್ ಚಾಂಪಿಯನ್‌ಷಿಪ್ ಪಂದ್ಯಕ್ಕೆಂದು ತೂಕ ಇಳಿಸುತ್ತಿದ್ದಾಗಲೇ ಆತ ತೀರಿಕೊಂಡ. ಆಮೇಲೆಯೇ ಆ ಸಂಸ್ಥೆ ನೀರು ಹಿಂಡಿ ತೂಕ ಇಳಿಸುವುದನ್ನು ನಿಷೇಧಿಸಿ, ಮೂತ್ರದ ಸಾಂದ್ರತೆ ಪರೀಕ್ಷಿಸುವ ಕ್ರಮ ತಂದಿತು. ಯುಎಫ್‌ಸಿಯಲ್ಲಿ ಮೇಲಿನ ತೂಕಕ್ಕೆ ಏರಿ ಬೆಳಗಿದವರೂ ಇದ್ದರು. ಡಸ್ಟಿನ್ ಪೋರಿಯೆ 2015ರಲ್ಲಿ 65.8ರಿಂದ 70.3ಕ್ಕೆ ಹೋಗಿ 2019ರಲ್ಲಿ ಮಧ್ಯಂತರ (ತಾತ್ಕಾಲಿಕ) ಚಾಂಪಿಯನ್ ಪಟ್ಟ ಗೆದ್ದರು. ರಾಬರ್ಟ್ ವಿಟೇಕರ್ ಚಾಂಪಿಯನ್ ಆದದ್ದು 77.1ನ್ನು ಬಿಟ್ಟು 83.9ಕ್ಕೆ ಬಂದ ಮೇಲೆ. ಇವರ ಹೆಸರು ಹೇಳಿದರೆ ನನ್ನ ಕೋಚ್, "ಅವರ ಎತ್ತರ ನೋಡು, ನಿನ್ನದು ನೋಡು" ಎಂದರು. ನನ್ನ ಎತ್ತರ ಐದು ಅಡಿ ಆರು ಅಂಗುಲ. ಪಂದ್ಯ ಕೂಡಿಸಿ ಕೊಡುವವರು ಇನ್ನು ಕರೆ ಬರುವುದಿಲ್ಲವೆಂದೇ ಹೇಳಿದರು, ಹಾಗೆಯೇ ಎಂಟು ತಿಂಗಳು ಬರಲೂ ಇಲ್ಲ.

ನಾನು ಮೈಸೂರಿಗೆ ಮರಳಿ ಗರಡಿಯಲ್ಲೇ ಉಳಿದೆ. ಉಸ್ತಾದರು ಎಲ್ಲ ಕೇಳಿಸಿಕೊಂಡು, "ನಿನ್ನ ಜೋಡಿ ಯಾರೋ ಅವನ ಜೊತೆ ಹಿಡಿ ಮಗನೇ, ಇನ್ನೊಬ್ಬರ ಜೋಡೀನ ಯಾಕೆ ಹುಡುಕ್ಕೊಂಡು ಹೋಗ್ತೀಯ?" ಎಂದರು. ನನ್ನ ಕ್ರಮ ಅಲ್ಲಿಂದ ಶುರುವಾಯಿತು.

ಈಗ ನಾನು ಮಾಡುವುದು ಇಷ್ಟು. ಪಂದ್ಯವಿರಲಿ ಇಲ್ಲದಿರಲಿ, ನಡೆದಾಡುವ ತೂಕ 71 ದಾಟುವುದಿಲ್ಲ. ಹನ್ನೆರಡು ವಾರ ಮುಂಚೆ ಎಣ್ಣೆಯೂ ಸಕ್ಕರೆಯೂ ಹೋಗುತ್ತವೆ. ನಾಲ್ಕು ವಾರ ಉಳಿದಾಗ 69, ಪಂದ್ಯದ ವಾರದ ಸೋಮವಾರ 68. ಕೊನೆಯ ಮೂರು ದಿನ ರಾಗಿ, ಕಾಳು, ಸೊಪ್ಪು ಪೂರ್ತಿ ಬಂದ್. ಬಿಳಿ ಅನ್ನ, ಮೊಟ್ಟೆ, ಮೀನು ಮಾತ್ರ, ಅದೂ ಅಳತೆಯಲ್ಲಿ. ಕರುಳು ಖಾಲಿಯಾಗುವುದರಿಂದಲೇ ಒಂದು ಕಿಲೋ ಹೋಗುತ್ತದೆ, ಬಲ ಒಂದಿಷ್ಟೂ ಹೋಗುವುದಿಲ್ಲ. ಉಪ್ಪು ಕಡಿಮೆ ಮಾಡುತ್ತೇನೆ, ಅನ್ನದ ಪ್ರಮಾಣವನ್ನೂ ಇಳಿಸುತ್ತೇನೆ. ಸ್ನಾಯುವಿನಲ್ಲಿ ಕೂಡಿಟ್ಟ ಪ್ರತಿ ಗ್ರಾಂ ಗ್ಲೈಕೋಜನ್ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ, ಅದೂ ಸ್ವಲ್ಪ ಹೊರಡುತ್ತದೆ. ತೂಕ ಕೊಡುವ ಹಿಂದಿನ ದಿನ ಸಂಜೆಯವರೆಗೆ ನೀರು ಕುಡಿಯುತ್ತೇನೆ. ಮಲಗುವಾಗ 66.3 ಇದ್ದರೆ ಬೆಳಿಗ್ಗೆ 65.8 ಆಗಿರುತ್ತದೆ, ಉಸಿರಿನಲ್ಲೂ ಮೂತ್ರದಲ್ಲೂ ಅರ್ಧ ಕಿಲೋ ಹೋಗುವುದು ನನಗೆ ಖಚಿತ. ತೂಕ ಕೊಟ್ಟ ಮೇಲಿನ ಮೊದಲ ಎರಡು ಗಂಟೆಗಳಲ್ಲಿ ಏನು ಕುಡಿಯುತ್ತೇನೆ, ಯಾವ ಕ್ರಮದಲ್ಲಿ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದನ್ನು ನಮ್ಮ ಗರಡಿಯ ಇಬ್ಬರು ಹುಡುಗರಿಗೆ ಕೊಟ್ಟಿದ್ದೇನೆ, ಅವರ ಪಂದ್ಯಗಳು ಇನ್ನೂ ಬರಬೇಕಿವೆ.

ರಾಗಿಯ ವಿಷಯದಲ್ಲಿ ನಾನೊಂದು ಪರೀಕ್ಷೆ ಮಾಡಿದ್ದೆ. ಒಂದು ವಾರ ರಾತ್ರಿ ಮುದ್ದೆ ಮತ್ತು ಹುರುಳಿ ಸಾರು, ಮುಂದಿನ ವಾರ ಅನ್ನ ಮತ್ತು ಮೊಟ್ಟೆ, ಎರಡರಲ್ಲೂ ಒಂದೇ ಸಾಮು. ಬೆಳಗಿನ ತೂಕದಲ್ಲಿ ಮುದ್ದೆಯ ವಾರ ಮುಕ್ಕಾಲು ಕಿಲೋ ಹೆಚ್ಚು ಬಂತು, ಆದರೆ ಹಸಿವು ಅರ್ಧಕ್ಕರ್ಧ ಕಡಿಮೆಯಿತ್ತು. ಆದ್ದರಿಂದ ಉಳಿದ ದಿನವೆಲ್ಲ ಮುದ್ದೆ, ಕೊನೆಯ ಮೂರು ದಿನ ಅನ್ನ. ಮಂಗಳೂರಿನ ಸೆಕೆಯಲ್ಲಿ ಓಡಿದರೆ ಹೆಚ್ಚು ಇಳಿಯುತ್ತದೆಯೇ ಎಂದು ಹತ್ತು ದಿನ ಅಲ್ಲಿ ಇದ್ದು ನೋಡಿದೆ. ಬೆವರು ಬಹಳ ಬಂತು, ಎರಡು ಲೋಟ ನೀರಿಗೆ ತೂಕ ಪೂರ್ತಿ ವಾಪಸಾಯಿತು. ಗದೆಯ ಪ್ರಯೋಗ ಹೆಚ್ಚು ಫಲ ಕೊಟ್ಟಿತು. ಬಾರ್‌ಬೆಲ್ ಬಿಟ್ಟು ಎರಡು ತಿಂಗಳು ಗದೆ, ದಂಡ, ಬಸ್ಕಿ ಮಾತ್ರ ಮಾಡಿದ್ದರಿಂದ ಮೈ ಒಂದು ಕಿಲೋ ಕೂಡ ಏರದೆ ಮೂರನೆಯ ರೌಂಡಿನಲ್ಲೂ ಹಿಡಿತ ಸಡಿಲಾಗದಂತಾಯಿತು. ಹತ್ತು ಕಿಲೋ ಗದೆಯಿಂದ ಎಡಭುಜ ನೋಯತೊಡಗಿತು, ಆರಕ್ಕೆ ಇಳಿಸಿದ ಮೇಲೆ ಸರಿಹೋಯಿತು.

ಹಸಿವಿನ ವಾರಗಳು ಹೋದದ್ದರಿಂದ ಪಾಠಕ್ಕೆ ದಿನಗಳು ಸಿಕ್ಕವು. ದಿನಕ್ಕೆ ಇನ್ನೂರು ಸಲ ಬೆನ್ನ ಮೇಲೆ ಬಿದ್ದು, ಅಂಡರ್‌ಹುಕ್ ಹಾಕಿ (ಎದುರಾಳಿಯ ಕಂಕುಳಡಿ ತೋಳು ತೂರಿಸಿ), ಗೋಡೆಗೆ ಸರಿದು ಏಳುವ ಅಭ್ಯಾಸ ಮಾಡಿದೆ. ಬೆನ್ನು ತಾಗಿಸುವ ಅಭ್ಯಾಸವನ್ನು ಮಟ್ಟಿಯಲ್ಲಿ ಮಾಡಲು ನನಗೂ ಮನಸ್ಸಾಗಲಿಲ್ಲ, ಉಸ್ತಾದರಿಗೂ ಹಿಡಿಸಲಿಲ್ಲ. ಪಕ್ಕದ ಕೋಣೆಯಲ್ಲಿ ಎರಡು ಹಳೆಯ ಮ್ಯಾಟು ಹಾಸಿಕೊಂಡೆ. ಐದು ತಿಂಗಳಾದ ಮೇಲೆ ಒಂದು ದಿನ, ಯೋಚಿಸದೆಯೇ, ಹೊಟ್ಟೆಯ ಮೇಲೆ ಹೊರಳದೆ ಬಿದ್ದೆ.

ಕೇಜಿನೊಳಗೆ ಎದುರಾಳಿ ನನಗಿಂತ ನಾಲ್ಕೈದು ಕಿಲೋ ಭಾರವಿರುತ್ತಾನೆ. ಪಂದ್ಯದ ರಾತ್ರಿಗೆ ನಾನು 69, ಅವನು 73 ಅಥವಾ 74. ನಡುವೆ ನಿಂತು ಅವನನ್ನು ಎತ್ತಲು ಹೋಗುವುದಿಲ್ಲ. ಕೇಜಿನ ತಂತಿಗೆ ಒತ್ತಿ, ತಲೆಯನ್ನು ಅವನ ದವಡೆಯ ಕೆಳಗಿಟ್ಟು, ಒಂದು ಕಾಲು ಹಿಡಿದು, ಅವನ ಭಾರವನ್ನು ಅವನೇ ಒಂಟಿ ಕಾಲಿನಲ್ಲಿ ಹೊರುವಂತೆ ಮಾಡುತ್ತೇನೆ. ತೂಕದ ಹಿಂದಿನ ರಾತ್ರಿ ಬಕೆಟ್ಟಿನ ಮೇಲೆ ಕೂತು ಬಂದವನ ತೊಡೆ ಎರಡನೆಯ ರೌಂಡಿನ ಮೂರನೆಯ ನಿಮಿಷಕ್ಕೆ ನಡುಗತೊಡಗುತ್ತದೆ. ಅದು ನನ್ನ ಭುಜಕ್ಕೆ ತಿಳಿಯುತ್ತದೆ, ಯಾಕೆಂದರೆ ಆ ನಡುಕ ನನ್ನದೂ ಆಗಿತ್ತು. ಆಗ ಹಾಕುವ ಪಟ್ಟು, ಭುಜದ ಮೇಲಿಂದ ಎಸೆಯುವ ಧೋಬಿಯ ಒಂದು ಬದಲಾವಣೆ; ಮಣಿಕಟ್ಟನ್ನು ಎಲ್ಲಿ ಹಿಡಿಯಬೇಕೆಂಬುದು ಉಸ್ತಾದರ ಸೊತ್ತು, ನಾನು ಹೇಳುವಂತಿಲ್ಲ. ಐದು ಗೆಲುವುಗಳಲ್ಲಿ ನಾಲ್ಕು ಹೀಗೆ ಬಂದವು. ನನ್ನನ್ನು ಮೂರನೆಯ ರೌಂಡಿನಲ್ಲಿ ಹಿಂದಕ್ಕೆ ತಳ್ಳಿದವರು ಆ ಐದು ಪಂದ್ಯಗಳಲ್ಲಿ ಒಬ್ಬರೂ ಇಲ್ಲ ಎಂದು ಹೆಮ್ಮೆಯಿಂದಲೇ ಹೇಳುತ್ತೇನೆ.

ಈ ವಿಭಾಗದ ಒಂದೇ ಸೋಲು ಮೂರನೆಯ ಪಂದ್ಯದ್ದು. ಎರಡು ಗೆಲುವಿನ ಮೇಲೆ, ದೊಡ್ಡವರೊಂದಿಗೆ ದೊಡ್ಡವನಾಗಿಯೇ ಹೋಗೋಣವೆಂದು ಕಬ್ಬಿಣ ಎತ್ತಿ 74ಕ್ಕೆ ಏರಿಸಿದೆ. ಹಾಗಾಗಿ ಮತ್ತೆ ಎಂಟು ಕಿಲೋ ಇಳಿಸಬೇಕಾಯಿತು, ಮತ್ತೆ ಸೌನಾ ಸೂಟು, ಮತ್ತೆ ಮೂರನೆಯ ರೌಂಡಿನಲ್ಲಿ ಖಾಲಿ ಕಾಲು. ಜಿಮ್ಮು, ಪುಡಿ ಎಲ್ಲ ಸೇರಿ 30,000 ಹೆಚ್ಚುವರಿ ಖರ್ಚೂ ಆಯಿತು. ಮುಂದಿನ ವಾರವೇ ಸೌನಾ ಸೂಟನ್ನು ಕೊಟ್ಟುಬಿಟ್ಟೆ.

ಕಳೆದ ತಿಂಗಳ ಪಂದ್ಯಕ್ಕೆ ಹಾಜರಿಗೆ 80,000, ಗೆದ್ದದ್ದಕ್ಕೆ ಇನ್ನೊಂದು 80,000 ಬಂತು. ಕ್ಯಾಂಪಿನ ಖರ್ಚು ಸುಮಾರು 58,000. ತೂಕದ ವಾರದ ಬುಧವಾರದವರೆಗೂ ಬೆಳಗಿನ ತರಬೇತಿ ತರಗತಿಗಳನ್ನು ತಪ್ಪಿಸಲಿಲ್ಲ, ಆದ್ದರಿಂದ ಆ ಸಂಪಾದನೆಯೂ ಉಳಿಯಿತು. ಮುಂದಿನದಕ್ಕೆ ಇನ್ನು ಒಂಬತ್ತು ವಾರವಿದೆ. ಇಂದು ಬೆಳಿಗ್ಗೆ ಗರಡಿಯ ಮೂಲೆಯ ತಕ್ಕಡಿ 70.4 ತೋರಿಸಿತು; ಸಾಮು ಮುಗಿಸಿ ಎರಡು ಮುದ್ದೆ ಉಂಡೆ.