ಟೆಕ್ಸಾಸ್ ಇನ್‌ಸ್ಪೆಕ್ಟರ್ ಲೈಸೆನ್ಸ್: ಸ್ಪಾನ್ಸರ್ ಇಲ್ಲದೆ ನಾನು ದಾಟಿದ್ದು ಹೀಗೆ

ಮನೆ ಕೊಳ್ಳುವವರಿಗೆ ಮನೆ ಪರೀಕ್ಷಿಸಿ ರಿಪೋರ್ಟ್ ಕೊಡುವ ಪ್ರೊಫೆಷನಲ್ ಇನ್‌ಸ್ಪೆಕ್ಟರ್ ಲೈಸೆನ್ಸ್ ಬಂದು ವರ್ಷದ ಮೇಲಾಯಿತು. ಡ್ಯಾಲಸ್ ಸುತ್ತಮುತ್ತಲಿನ ಕನ್ನಡದವರಲ್ಲಿ ಈ ಕೋರ್ಸಿಗೆ ಸೇರಿದವರು, ಸೇರಿ ಅರ್ಧಕ್ಕೆ ನಿಂತವರು ಫೋನ್ ಮಾಡುತ್ತಲೇ ಇರುತ್ತಾರೆ. "ಅಕ್ಕ, ನ್ಯಾಷನಲ್ ಹೇಗೆ ಪಾಸಾದ್ರಿ?" ಅಂತ (ಲೈಸೆನ್ಸ್ ಪರೀಕ್ಷೆಯ ರಾಷ್ಟ್ರಮಟ್ಟದ ಭಾಗಕ್ಕೆ ಹಾಗನ್ನುತ್ತೇವೆ). ಒಬ್ಬೊಬ್ಬರಿಗೆ ಒಂದೊಂದು ತುಣುಕು ಹೇಳಿ ಸಾಕಾಗಿದೆ, ಒಂದೇ ಸಲ ಬರೆದುಬಿಡುತ್ತೇನೆ. ಟ್ರೆಕ್ (ಲೈಸೆನ್ಸ್ ಕೊಡುವ ಟೆಕ್ಸಾಸ್ ರಿಯಲ್ ಎಸ್ಟೇಟ್ ಕಮಿಷನ್) ಅಂದರೇನು, ಜಿಎಫ್‌ಸಿಐ (ಕರೆಂಟ್ ಶಾಕ್ ತಪ್ಪಿಸುವ ಸಾಧನ) ಅಂದರೇನು ಅಂತೆಲ್ಲ ಉದ್ದಕ್ಕೆ ವಿವರಿಸುವುದಿಲ್ಲ. ಅಷ್ಟು ನಿಮಗೆ ಗೊತ್ತು.

ನಾನು ಗದಗ ಕಡೆಯವಳು. ಸಿವಿಲ್ ಡಿಪ್ಲೊಮಾ, ಊರಲ್ಲಿ ಒಬ್ಬ ಕಾಂಟ್ರಾಕ್ಟರ್ ಹತ್ತಿರ ಸ್ವಲ್ಪ ದಿನ ಸೈಟ್ ಕೆಲಸ, ಆಮೇಲೆ ಮದುವೆ, ಗಂಡನ ಜೊತೆ ಬರುವವರ ಎಚ್4 ವೀಸಾ, ವರ್ಷಗಟ್ಟಲೆ ಮನೆಯಲ್ಲೇ. ಯಜಮಾನರ ಐ-140 (ಗ್ರೀನ್ ಕಾರ್ಡಿಗೆ ಕಂಪನಿ ಹಾಕುವ ಅರ್ಜಿ) ಆದ ಮೇಲೆ ನನಗೆ ಇಎಡಿ, ಅಂದರೆ ಕೆಲಸ ಮಾಡುವ ಪರ್ಮಿಟ್, ಬಂತು. ಇನ್‌ಸ್ಪೆಕ್ಟರ್ ಆಗುತ್ತೇನೆ ಅಂದಾಗ ನಗದವರು ಕಡಿಮೆ. ಕಟ್ಟಿಗೆ ಚೌಕಟ್ಟಿನ ಮನೆ ಬಗ್ಗೆ ಕಾಂಕ್ರೀಟಿನವಳಿಗೆ ಏನು ಗೊತ್ತು ಅಂದರು. ಜುಲೈನಲ್ಲಿ ಅಟ್ಟ ಹತ್ತೋರು ಯಾರು ಅಂದರು. ನಮ್ಮ ಸಂಬಂಧಿಕರೊಬ್ಬರಂತೂ, "ಸುಮ್ನೆ ಸಾಫ್ಟ್‌ವೇರ್ ಟೆಸ್ಟಿಂಗ್ ಕಲಿಯಮ್ಮ, ಎಸಿಯಲ್ಲಿ ಕೂತು ಮಾಡಬಹುದು" ಅಂತ ಸಿಕ್ಕಾಗಲೆಲ್ಲ ಹೇಳುತ್ತಿದ್ದರು. ಕಳೆದ ವರ್ಷ ಅವರದೇ ಹೊಸ ಮನೆಯನ್ನು ನಾನೇ ನೋಡಿಕೊಟ್ಟೆ. ಪೂರ್ತಿ ಫೀಸು ತೆಗೆದುಕೊಂಡೆ.

ಮೊದಲು ಎಲ್ಲರ ಹಾಗೆ ಸ್ಪಾನ್ಸರ್ ಹುಡುಕಿದೆ. ಯಾರಾದರೂ ಪ್ರೊಫೆಷನಲ್ ಇನ್‌ಸ್ಪೆಕ್ಟರ್ ಕೈಕೆಳಗೆ ಅಪ್ರೆಂಟಿಸ್ ಆಗಿ ಹಂತ ಹಂತವಾಗಿ ಮೇಲೆ ಬರುವ ದಾರಿ. ಖರ್ಚು ಕಡಿಮೆ, ಕಲಿಕೆ ಜಾಸ್ತಿ ಅಂತ ಲೆಕ್ಕ. ಫೋನ್ ಮಾಡಿದವರಲ್ಲಿ ಅರ್ಧ ಜನ ವಾಪಸ್ ಮಾಡಲೇ ಇಲ್ಲ. ಒಬ್ಬರು ಒಪ್ಪಿಕೊಂಡರು. ಕೆಲವು ವಾರ ಅವರ ಏಣಿ ಹೊತ್ತೆ, ಶೂ ಕವರ್ ಹಂಚಿದೆ, ಟಾರ್ಚ್ ಹಿಡಿದೆ. ಆದರೆ ರಿಪೋರ್ಟ್ ಬರೆಯುವಾಗ ಪಕ್ಕದಲ್ಲಿ ಕೂರಲು ಬಿಡಲಿಲ್ಲ. ಈ ಕೆಲಸದಲ್ಲಿ ನೋಡುವುದು ಅರ್ಧ, ಬರೆಯುವುದು ಅರ್ಧ, ಅಲ್ವಾ? ಆ ಅರ್ಧ ಸಿಗುವ ಲಕ್ಷಣ ಕಾಣದೆ ಹೊರಬಂದೆ. ನೇರವಾಗಿ 194 ಗಂಟೆಯ ದಾರಿ ಹಿಡಿದೆ. 154 ಗಂಟೆ ಪಾಠ, 40 ಗಂಟೆ ಪ್ರಾಕ್ಟಿಕಂ, ಅಂದರೆ ಗುರುಗಳ ಕೈಕೆಳಗೆ ಮನೆ ನೋಡಿ ಕಲಿಯುವುದು.

ಪಾಠ ಆನ್‌ಲೈನ್. ಅದರ ಬಗ್ಗೆ ಹೇಳುವುದು ಏನೂ ಇಲ್ಲ, ಗಂಟೆ ತುಂಬಬೇಕು, ತುಂಬುತ್ತದೆ. ಅದು ಮುಗಿದ ಮೇಲೆ ಅಣಕು ಪ್ರಶ್ನೆಗಳ ಆ್ಯಪ್ ಹಿಡಿದು ಕೂತೆ. ದಿನಾ ನೂರು ಪ್ರಶ್ನೆ, ತೊಂಬತ್ತು ಸರಿ. ರಾಜ್ಯದ ಭಾಗವನ್ನು ಮೊದಲು ಬರೆದೆ, ಪಾಸ್. ನ್ಯಾಷನಲ್ ಬರೆದೆ, ಫೇಲ್. 200 ಪ್ರಶ್ನೆ, 4 ಗಂಟೆ, ಅಂಕದ ಅಳತೆಯೇ ಬೇರೆ, ಪಾಸಿಗೆ 500 ಬೇಕು, ನನಗೆ ಬಂದದ್ದು 470ರ ಆಸುಪಾಸು. 225 ಡಾಲರ್ ಹೋಯಿತು, ಮತ್ತೆ ಬರೆಯಲು 30 ದಿನ ಕಾಯಬೇಕು.

ಫೇಲಾದವರಿಗೆ ಯಾವ ವಿಷಯದಲ್ಲಿ ಬಿದ್ದಿದ್ದೀರಿ ಅಂತ ತಿಳಿಸುತ್ತಾರೆ. ಅದನ್ನು ಎಸೆಯಬೇಡಿ, ಕೊಟ್ಟ ದುಡ್ಡಿಗೆ ಸಿಕ್ಕಿದ್ದು ಅದೊಂದೇ. ನಾನು ಬಿದ್ದದ್ದು ಹೀಟಿಂಗ್‌ನಲ್ಲಿ, ಚಿಮಣಿಯಲ್ಲಿ. ಬೀಳದೆ ಏನು? ಪರೀಕ್ಷೆ ಇಡೀ ದೇಶಕ್ಕೆ ಒಂದೇ. ಸ್ಟೀಮ್ ಬಾಯ್ಲರ್, ಬೇಸ್‌ಮೆಂಟ್, ಸೂರಿನಲ್ಲಿ ಕಟ್ಟುವ ಐಸ್ ಡ್ಯಾಮ್, ಎಲ್ಲ ಕೇಳುತ್ತಾರೆ. ಡ್ಯಾಲಸ್‌ನಲ್ಲಿ ಇರುವುದು ಸ್ಲ್ಯಾಬ್ ಮೇಲಿನ ಮನೆ, ಅಟ್ಟದಲ್ಲಿ ಫರ್ನೇಸ್. ಗದಗಿನಲ್ಲಿ ಮನೆ ಬಿಸಿ ಮಾಡಲು ಯಂತ್ರ ಬೇಕು ಅಂತ ಯಾರಿಗೂ ಅನಿಸಿಲ್ಲ. ನೋಡದ ವಸ್ತುವಿನ ಉತ್ತರವನ್ನು ಬಾಯಿಪಾಠ ಮಾಡಿದ್ದೆ, ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿದ ಕೂಡಲೇ ಕೈಕೊಟ್ಟಿತು.

ಆಗ ಆ್ಯಪ್ ಡಿಲೀಟ್ ಮಾಡಿದೆ. ಜೊತೆಯಲ್ಲಿ ಓದುತ್ತಿದ್ದವರು ಇದು ಹುಚ್ಚು ಅಂದರು. ನನ್ನ ದಾರಿ ಇಷ್ಟೇ: ಪರಿಚಯದವರ ಮನೆಗೆ ಹೋಗುವುದು, ಒಂದು ಮನೆಯಲ್ಲಿ ಒಂದೇ ಸಿಸ್ಟಮ್ ನೋಡುವುದು. ಇವತ್ತು ಕರೆಂಟ್ ಪ್ಯಾನೆಲ್ ಅಂದರೆ ಪ್ಯಾನೆಲ್ ಮಾತ್ರ. ಪಕ್ಕದಲ್ಲೇ ವಾಟರ್ ಹೀಟರ್ ಸೋರುತ್ತಿದ್ದರೂ ಮುಖ ತಿರುಗಿಸುವುದು (ಸರಿ, ಮನೆಯವರಿಗೆ ಒಂದು ಮಾತು ಹೇಳುತ್ತಿದ್ದೆ). ಫೋಟೊ ತೆಗೆಯುವಂತಿಲ್ಲ, ಕೈಯಲ್ಲೇ ಚಿತ್ರ ಬರೆಯಬೇಕು. ಚಿತ್ರ ಬರೆಯುವಾಗಲೇ ಗೊತ್ತಾಗುವುದು ನಮಗೆ ಏನು ಗೊತ್ತಿಲ್ಲ ಅಂತ. ವಾಟರ್ ಹೀಟರಿನ ಒತ್ತಡ ಇಳಿಸುವ ಟಿ ಆ್ಯಂಡ್ ಪಿ ವಾಲ್ವಿನ ಪೈಪ್ ಎಲ್ಲಿ ಹೋಗಿ ಮುಗಿಯುತ್ತದೆ, ತುದಿಯಲ್ಲಿ ತಿರುಪಿನ ಮರೆ ಇದೆಯೋ ಇಲ್ಲವೋ, ಮಧ್ಯೆ ಎಲ್ಲಾದರೂ ಮೇಲಕ್ಕೆ ಏರಿದೆಯೋ, ನೂರು ಪ್ರಶ್ನೆ ಮಾಡಿದರೂ ತಲೆಗೆ ಹೋಗದ್ದು ಒಂದು ಸಲ ಬರೆದರೆ ಮರೆತುಹೋಗುವುದಿಲ್ಲ. ಮನೆಗೆ ಬಂದು ಅದೇ ರಾತ್ರಿ ಇನ್‌ಸ್ಪೆಕ್ಷನ್ ರಿಪೋರ್ಟಿನ ಆರ್‌ಇಐ 7-6 ಫಾರ್ಮಿನ ಆ ಒಂದು ಭಾಗವನ್ನು ಮಾತ್ರ ತುಂಬುತ್ತಿದ್ದೆ. ದೋಷ ಇದೆ ಅನ್ನುವ ಡಿ ಬಾಕ್ಸಿಗೆ ಟಿಕ್ ಹಾಕಿದರೆ ಏನು ಕೆಟ್ಟಿದೆ, ಎಲ್ಲಿ, ಅದರಿಂದ ಏನಾಗುತ್ತದೆ, ಯಾರನ್ನು ಕರೆಸಬೇಕು, ಇಷ್ಟೂ ಬರೆಯಬೇಕು. ಆಮೇಲೆ ಅದನ್ನು ಊರಲ್ಲಿರುವ ತಂಗಿಗೆ ಫೋನಿನಲ್ಲಿ ಕನ್ನಡದಲ್ಲಿ ಹೇಳುವುದು. ಅವಳು ಬ್ಯಾಂಕಿನವಳು. ಅವಳಿಗೆ ಅರ್ಥವಾದರೆ ನನಗೂ ಅರ್ಥವಾಗಿದೆ ಅಂತ.

ಯಾರ ಹತ್ತಿರವೂ ದುಡ್ಡು ಮುಟ್ಟಲಿಲ್ಲ, ಬರೆದದ್ದನ್ನು ಯಾರಿಗೂ ಕೊಡಲಿಲ್ಲ. ಲೈಸೆನ್ಸ್ ಇಲ್ಲದೆ ಅದು ಮಾಡಬಾರದು, ನೀವೂ ಮಾಡಬೇಡಿ. ಊಟ ಮಾತ್ರ ಎಲ್ಲ ಕಡೆ ಆಯಿತು.

ಮನೆಗಳನ್ನು ವಯಸ್ಸಿನ ಪ್ರಕಾರ ಆರಿಸಿ. ಇದು ಮುಖ್ಯ. ಡ್ಯಾಲಸ್ ಪಕ್ಕದ ರಿಚರ್ಡ್‌ಸನ್‌ನಲ್ಲಿ ಅರವತ್ತರ ದಶಕದ ಮನೆ ಸಿಗುತ್ತದೆ, ಅದೃಷ್ಟ ಇದ್ದರೆ ಅಲ್ಯುಮಿನಿಯಮ್ ವೈರಿಂಗ್ ಕಣ್ಣಾರೆ ನೋಡಬಹುದು. ಪ್ಲೇನೊದಲ್ಲಿ ಎಂಬತ್ತರ ದಶಕದ್ದು, ಪಾಲಿಬ್ಯೂಟಿಲಿನ್ ಅನ್ನುವ ಪ್ಲಾಸ್ಟಿಕ್ ಪೈಪಿನ ಕಾಲ. ಫ್ರಿಸ್ಕೊ, ಪ್ರಾಸ್ಪರ್ ಕಡೆ ಹೊಸದು. ಬಾಯ್ಲರ್ ಎಲ್ಲೂ ಸಿಗಲಿಲ್ಲ. ಕೊನೆಗೆ ದಸರಾಕ್ಕೆ ನ್ಯೂಜೆರ್ಸಿಯ ಎಡಿಸನ್‌ಗೆ, ಯಜಮಾನರ ಅಕ್ಕನ ಮನೆಗೆ ಹೋದಾಗ ಹಳೆಯ ಮನೆ, ಬೇಸ್‌ಮೆಂಟಿನಲ್ಲಿ ಸ್ಟೀಮ್ ಬಾಯ್ಲರ್! ಮೇಲೆ ಗೊಂಬೆ ನೋಡಲು ಜನ ಬರುತ್ತಿದ್ದಾರೆ, ನಾನು ಕೆಳಗೆ ರೇಷ್ಮೆ ಸೀರೆ ಎತ್ತಿ ಕಟ್ಟಿ ಬಾಯ್ಲರಿನ ನೀರು ಖಾಲಿಯಾಗದಂತೆ ತಡೆಯುವ ಪೈಪು, ಹಾರ್ಟ್‌ಫರ್ಡ್ ಲೂಪ್, ಅದರ ಚಿತ್ರ ಬರೆದುಕೊಳ್ಳುತ್ತಿದ್ದೇನೆ. ಚಿಮಣಿಯನ್ನೂ ಅಲ್ಲೇ ರಸ್ತೆಯಲ್ಲಿ ನಡೆದು ನೋಡಿದೆ. ಚಾವಣಿಯಿಂದ ಹೊರಬರುವ ಜಾಗದಿಂದ 3 ಅಡಿ ಮೇಲೆ, 10 ಅಡಿಯೊಳಗೆ ಇರುವ ಯಾವುದಕ್ಕಿಂತಲೂ 2 ಅಡಿ ಎತ್ತರ. ಬೀದಿಯ ಮನೆಗಳನ್ನೆಲ್ಲ ಹೀಗೆ ಅಳೆಯುತ್ತಾ ಹೋದರೆ ಆ ನಿಯಮ ಜನ್ಮದಲ್ಲಿ ಮರೆಯುವುದಿಲ್ಲ.

ಮುಂದಿನ ಸಲ ನ್ಯಾಷನಲ್ ಆರಾಮಾಗಿ ದಾಟಿತು, ಒಂದು ಗಂಟೆಗೂ ಜಾಸ್ತಿ ಸಮಯ ಉಳಿದಿತ್ತು. ಹುಚ್ಚು ಅಂದವರಲ್ಲಿ ಇಬ್ಬರು ಈಗ ಮನೆ ಹುಡುಕುತ್ತಿದ್ದಾರೆ, ಚಿತ್ರ ಬರೆಯಲು.

ಮಣ್ಣಿನ ವಿಷಯ ಹೇಳಲೇಬೇಕು. ಟೆಕ್ಸಾಸ್‌ನಲ್ಲಿ ನಾವು ಫೌಂಡೇಶನ್ ಹೇಗೆ ಕೆಲಸ ಮಾಡುತ್ತಿದೆ ಅಂತ ಅಭಿಪ್ರಾಯ ಬರೆಯಬೇಕು, ತಪ್ಪಿಸಿಕೊಳ್ಳುವಂತಿಲ್ಲ. ಹೊಸಬರೆಲ್ಲ ಹೆದರುವುದು ಇದಕ್ಕೇ. ನನಗೆ ಹೆದರಿಕೆ ಆಗಲಿಲ್ಲ, ಯಾಕೆಂದರೆ ಇಲ್ಲಿನ ಬ್ಲ್ಯಾಕ್‌ಲ್ಯಾಂಡ್ ಪ್ರೇರಿಯ ಮಣ್ಣೂ ನಮ್ಮ ಗದಗ, ನರಗುಂದದ ಎರೆ ಮಣ್ಣೂ ಒಂದೇ ಜಾತಿ, ಎರಡೂ ವರ್ಟಿಸಾಲ್. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಇಳಿಯುವಷ್ಟು ಬಿರಿಯುತ್ತದೆ. ಎರೆ ಹೊಲದ ಪಕ್ಕದ ಮನೆಗಳ ಗೋಡೆ ಮೂಲೆಯಲ್ಲಿ ಹೇಗೆ ಸೀಳುತ್ತದೆ ಅಂತ ಚಿಕ್ಕಂದಿನಿಂದ ನೋಡಿದ್ದೇನೆ. ಇಲ್ಲಿ ಇಟ್ಟಿಗೆಯಲ್ಲಿ ಮೆಟ್ಟಿಲಿನ ಹಾಗೆ ಹೋಗುವ ಬಿರುಕು, ಬಾಗಿಲಿನ ಮೇಲೆ ಒಂದು ಕಡೆ ಜಾಸ್ತಿಯಾಗುವ ಸಂದು, ಇದು ಅದರ ಇಂಗ್ಲಿಷ್ ಅವತಾರ ಅಷ್ಟೇ. ಅನುಮಾನ ಬಂದರೆ ಸ್ಟ್ರಕ್ಚರಲ್ ಎಂಜಿನಿಯರ್ ಕರೆಸಿ ಅಂತ ಬರೆಯುವುದು ಇದ್ದೇ ಇದೆ.

ಸುಮ್ನೆ ಕುತೂಹಲಕ್ಕೆ ಹಿತ್ತಲಿನ ಮಣ್ಣು ತೆಗೆದು, ಕಾಲೇಜಿನ ಲ್ಯಾಬ್ ನೆನಪಿನಲ್ಲಿ, ಉದ್ದಕ್ಕೆ ಸೀಳಿದ, ಆರು ಇಂಚು ಉದ್ದದ ಪಿವಿಸಿ ಪೈಪಿಗೆ ಕೆಸರು ಮಾಡಿ ತುಂಬಿ ಒಣಗಿಸಿದೆ. ಬಿಸಿಲಲ್ಲಿ ಎರಡು ದಿನ, ಆಮೇಲೆ ಅಡುಗೆ ಮನೆಯ ಅವನ್‌ನಲ್ಲಿ. (ಮನೆಯವರು ಈಗಲೂ ಆ ಅವನ್‌ನಲ್ಲಿ ಮಾಡಿದ್ದನ್ನು ಮೂಸಿ ತಿನ್ನುತ್ತಾರೆ.) ಹೆಚ್ಚುಕಡಿಮೆ ಒಂದು ಇಂಚು ಕುಗ್ಗಿತು. ಪರೀಕ್ಷೆಗೆ ಇದರಿಂದ ಒಂದು ಮಾರ್ಕೂ ಬರಲಿಲ್ಲ. ಆದರೆ ಗ್ರಾಹಕರಿಗೆ ಆ ಒಣಗಿದ ತುಂಡು ತೋರಿಸಿದರೆ ಬೇಸಿಗೆಯಲ್ಲಿ ಫೌಂಡೇಶನ್ ಸುತ್ತ ನೀರು ಜಿನುಗಿಸುವ ಸೋಕರ್ ಹೋಸ್ ಯಾಕೆ ಹಾಕಬೇಕು ಅಂತ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ನೆಲದ ಮಟ್ಟ ನೋಡಲು ಎಲ್ಲರೂ ಡಿಜಿಟಲ್ ಆಲ್ಟಿಮೀಟರ್ ಕೊಳ್ಳಿ ಅನ್ನುತ್ತಾರೆ. ಸಾವಿರ ಡಾಲರ್ ಹತ್ತಿರ. ನಾನು ಮೊದಲು ತಿಂಗಳುಗಟ್ಟಲೆ ನಮ್ಮ ಗೌಂಡಿಗಳು ಹಿಡಿಯುವ ನೀರಿನ ಲೆವೆಲ್ ಪೈಪಿನಲ್ಲೇ ಕಲಿತೆ. ಹದಿನೈದು ಡಾಲರಿನ ಪಾರದರ್ಶಕ ಟ್ಯೂಬ್. ಗಾಳಿ ಗುಳ್ಳೆ ಇರಬಾರದು ಅಷ್ಟೇ. ಟೈಲ್ಸಿಂದ ಕಾರ್ಪೆಟ್‌ಗೆ ಹೋದಾಗ ಅರ್ಧ ಇಂಚಿನ ಆಚೀಚೆ ವ್ಯತ್ಯಾಸ ತಾನೇ ಬರುತ್ತದೆ, ಅದನ್ನು ಕಳೆಯದೆ ಮನೆ ವಾಲಿದೆ ಅಂತ ಬರೆದವರನ್ನು ನೋಡಿದ್ದೇನೆ. ಯಾವ ಕೋಣೆಯಿಂದ ಅಳತೆ ಶುರು ಮಾಡುತ್ತೇನೆ, ಯಾಕೆ, ಅನ್ನುವುದು ನನ್ನ ಹತ್ತಿರವೇ ಇರಲಿ. ಅದು ಹೊಟ್ಟೆಪಾಡು.

ಇನ್‌ಫ್ರಾರೆಡ್ ಕ್ಯಾಮೆರಾ ಬಗ್ಗೆ ಎಲ್ಲರೂ ಕೇಳುತ್ತಾರೆ. ಫೋನಿಗೆ ಸಿಕ್ಕಿಸುವಂಥದ್ದು ನನ್ನದು, ನಾನೂರು ಚಿಲ್ಲರೆ. ನೀಲಿ ಕಂಡ ಕೂಡಲೇ ನೀರು ಅನ್ನಬೇಡಿ. ಎಸಿ ಗಾಳಿ ಬಡಿಯುವ ಜಾಗವೂ ನೀಲಿ. ತೇವ ಅಳೆಯುವ ಮಾಯಿಶ್ಚರ್ ಮೀಟರ್ ಇಟ್ಟು ಖಚಿತ ಮಾಡಿಕೊಂಡ ಮೇಲೆ ಬರೆಯಿರಿ. ಕ್ಯಾಮೆರಾ ನಿಜವಾಗಿ ದುಡ್ಡು ದುಡಿಯುವುದು ಅಟ್ಟದ ಇನ್ಸುಲೇಶನ್ (ಬಿಸಿ ತಡೆಯುವ ಹೊದಿಕೆ) ವಿಷಯದಲ್ಲಿ. ಹೊಸ ಮನೆಯ ಒಂದು ಬೆಡ್‌ರೂಮಿನ ಮೇಲೆ ಇನ್ಸುಲೇಶನ್ ಊದುವುದನ್ನೇ ಮರೆತಿದ್ದರು, ಕೆಳಗಿನಿಂದ ಸೀಲಿಂಗ್ ನೋಡಿದರೆ ಕೆಂಪು ಚೌಕ ಕಾಣುತ್ತಿತ್ತು.

ಖರ್ಚಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಕೋರ್ಸು, ಪ್ರಾಕ್ಟಿಕಂ ಸೇರಿ ಎರಡೂವರೆ ಸಾವಿರದ ಸುತ್ತ. ಪರೀಕ್ಷೆ, ಬೆರಳಚ್ಚು, ಅರ್ಜಿ ಎಲ್ಲ ಸೇರಿ ಏಳುನೂರು. ಏಣಿ, ಗ್ಯಾಸ್ ಡಿಟೆಕ್ಟರ್, ಮೀಟರು, ಟೆಸ್ಟರು, ಮಂಡಿಗೆ ಪ್ಯಾಡು, ಸಾವಿರದ ಐನೂರು. ಲಯಬಿಲಿಟಿ ಇನ್ಶೂರೆನ್ಸ್ ಕಡ್ಡಾಯ, ಕನಿಷ್ಠ 1 ಲಕ್ಷ ಡಾಲರಿನದು, ಹೊಸಬರಿಗೆ ಪ್ರೀಮಿಯಂ ಜಾಸ್ತಿ, ನನಗೆ ಸಾವಿರದ ಎಂಟುನೂರು ಬಿತ್ತು. ರಿಪೋರ್ಟ್ ಸಾಫ್ಟ್‌ವೇರ್ ತಿಂಗಳಿಗೆ ನೂರರ ಹತ್ತಿರ. ಒಟ್ಟು ಏಳು ಸಾವಿರ ಮೊದಲೇ ಕೈಬಿಟ್ಟು ಹೋಗುತ್ತದೆ ಅಂತ ಇಟ್ಟುಕೊಳ್ಳಿ. ಪ್ರಾಕ್ಟಿಕಂನಲ್ಲಿ ಮಾತ್ರ ಚೌಕಾಶಿ ಮಾಡಬೇಡಿ. ನನ್ನ ಗುರುಗಳು ನನ್ನ ಮೊದಲ ರಿಪೋರ್ಟನ್ನು ವಾಪಸ್ ಕೊಟ್ಟದ್ದು ಬರೀ ಕೆಂಪು ಗೆರೆ ತುಂಬಿ. "ಇದನ್ನು ಓದಿ ಮನೆ ಕೊಳ್ಳುವವರು ಏನು ಮಾಡಬೇಕು?" ಅಂತ ಪ್ರತಿ ಪುಟದಲ್ಲೂ ಅದೇ ಪ್ರಶ್ನೆ.

ಲೈಸೆನ್ಸ್ ಬಂದ ಮೇಲೆ ಮೊದಲ ಎರಡು ಮೂರು ತಿಂಗಳು ಹೆಚ್ಚುಕಡಿಮೆ ಸೊನ್ನೆ. ರಿಯಲ್ಟರ್‌ಗಳು ಹೊಸಬರನ್ನು ನಂಬುವುದಿಲ್ಲ. ಕೊಳ್ಳುವವರು ಹಿಂದೆ ಸರಿಯಬಹುದಾದ ಆಪ್ಶನ್ ಪೀರಿಯಡ್ ಇರುವುದೇ ಒಂದು ವಾರ, ಹತ್ತು ದಿನ, ಅದರಲ್ಲಿ ಪ್ರಯೋಗ ಯಾಕೆ ಅನ್ನುತ್ತಾರೆ. ಹಾಗಾಗಿ ಅವರನ್ನು ಬಿಟ್ಟು ಹೊಸ ಮನೆಗಳ ಹಿಂದೆ ಬಿದ್ದೆ. ನಮ್ಮ ಜನ "ಹೊಸ ಮನೆಗೆ ಯಾಕೆ ಇನ್‌ಸ್ಪೆಕ್ಷನ್?" ಅಂತ ಕೇಳುತ್ತಾರೆ. ಬಿಲ್ಡರ್ ಕೊಡುವ ಒಂದು ವರ್ಷದ ವಾರಂಟಿ ಮುಗಿಯುವ ಮೊದಲು, ಹನ್ನೊಂದನೇ ತಿಂಗಳಲ್ಲಿ ಒಂದು ಸಲ ನೋಡಿಸಿ ಅಂದೆ. ಸಿಗುವುದು ಏನು ಗೊತ್ತಾ? ಅಟ್ಟದಲ್ಲಿ ಕಳಚಿಕೊಂಡ ಎಸಿ ಡಕ್ಟ್, ತಣ್ಣನೆ ಗಾಳಿಯೆಲ್ಲ ಇಲಿಗಳಿಗೆ. ಗಾರೆ ಮೆತ್ತಿ ಮುಚ್ಚಿದ ವೀಪ್ ಹೋಲ್. ಒಂದು ಮನೆಯಲ್ಲಿ ಅದನ್ನು ಮಾಲೀಕರೇ ಇರುವೆ ಬರುತ್ತದೆ ಅಂತ ಸಿಲಿಕೋನ್ ಹಾಕಿ ಮುಚ್ಚಿದ್ದರು, ಇಟ್ಟಿಗೆ ಹಿಂದಿನ ನೀರು ಹೊರಗೆ ಬರುವುದು ಎಲ್ಲಿಂದ? ಇನ್ನೊಂದು ಕಡೆ ಗೃಹಪ್ರವೇಶದ ಹೋಮಕ್ಕೆ ಬಿಚ್ಚಿಟ್ಟ ಸ್ಮೋಕ್ ಅಲಾರಂ ಇನ್ನೂ ಡ್ರಾಯರಿನಲ್ಲೇ ಇತ್ತು. ಇದು ಒಂದೇ ಮನೆಯ ಕಥೆ ಅಂದುಕೊಳ್ಳಬೇಡಿ.

ಬೇಸಿಗೆಯಲ್ಲಿ ಬೆಳಿಗ್ಗೆ ಏಳಕ್ಕೆ ಶುರು, ಮೊದಲು ಅಟ್ಟ. ಮಧ್ಯಾಹ್ನಕ್ಕೆ ಅಲ್ಲಿ 130 ಡಿಗ್ರಿ ಫ್ಯಾರನ್‌ಹೀಟ್ ದಾಟುತ್ತದೆ. ಎಸಿಯಲ್ಲಿ ಕೂರುವ ಕೆಲಸ ಅಲ್ಲ, ಅದಂತೂ ಒಪ್ಪುತ್ತೇನೆ. ಈಗ ತಿಂಗಳಿಗೆ ಎಂಟು ಹತ್ತು ಮನೆ, ಎರಡೂವರೆ ಸಾವಿರ ಚದರಡಿಗೆ ನಾನೂರ ಐವತ್ತು ಡಾಲರ್. ಹಾಕಿದ ಏಳು ಸಾವಿರ ಎಂದೋ ವಾಪಸ್ ಬಂತು.

ಉಳಿದಿರುವುದು ಗೆದ್ದಲು. ಅದಕ್ಕೆ ಟ್ರೆಕ್ ಲೈಸೆನ್ಸ್ ನಡೆಯುವುದಿಲ್ಲ, ಟೆಕ್ಸಾಸ್ ಕೃಷಿ ಇಲಾಖೆಯದು ಬೇರೆ ಬೇಕು. ಸದ್ಯಕ್ಕೆ ಬೇರೆಯವರನ್ನು ಕರೆಸುತ್ತೇನೆ, ಪ್ರತಿ ಮನೆಗೆ ನೂರು ಡಾಲರ್ ಹತ್ತಿರ ಅವರ ಜೇಬಿಗೆ. ಈ ಚಳಿಗಾಲದಲ್ಲಿ ಅದರ ಪರೀಕ್ಷೆ ಬರೆಯಬೇಕು ಅಂತಿದ್ದೇನೆ. ಯಾರಾದರೂ ಈಗಾಗಲೇ ಬರೆದಿದ್ದರೆ ನೋಟ್ಸ್ ಕಳಿಸಿ, ಬದಲಿಗೆ ಎಡಿಸನ್ ಬಾಯ್ಲರಿನ ಚಿತ್ರಗಳನ್ನೆಲ್ಲ ಸ್ಕ್ಯಾನ್ ಮಾಡಿ ಕೊಡುತ್ತೇನೆ.